ದ್ವೇಷದ ವೇಷವನ್ನು ಧರಿಸಬಹುದೆ?

ಅಧರ್ಮವನ್ನು ಎದುರಿಸಲು ಹೊರಟವನು ಅಭ್ಯಾಸಕ್ಕಾಗಿಯಾದರೂ ಅಧರ್ಮಿಯ ವೇಷವನ್ನು ಧರಿಸುವುದು ಯುಕ್ತವೆ? ಜೊತೆಯ ವಿದ್ಯಾರ್ಥಿಯನ್ನು ಹೀನ ಶಬ್ದಗಳಿಂದ ನಿಂದಿಸಿ, ಕುಳಿತ ಪೀಠದಿಂದ ಕೆಡವಿ, ಮುಖದ ಮೇಲೆ ಸಿಗರೇಟಿನ ಹೊಗೆಯನ್ನೂದುವುದು ಶಿಕ್ಷಣವೆನಿಸೀತೆ? ಈ ಪ್ರಶ್ನೆಯು ಬರಿಯ ತರ್ಕಕ್ಕಾಗಿ ಹುಟ್ಟಿದುದಲ್ಲ. 1959ರ ಶರತ್ಕಾಲದಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಕ್ಲಾರ್ಕ್ ಮೆಮೋರಿಯಲ್ ಚರ್ಚಿನ ನೆಲಮಾಳಿಗೆಯಲ್ಲಿ ಇಂತಹ ಅಭ್ಯಾಸವು ನಿಜವಾಗಿಯೂ ನಡೆಯಿತು.

ಅಲ್ಲಿ ಕಲಿಸುತ್ತಿದ್ದವರು ಜೇಮ್ಸ್ ಲಾಸನ್ ಎಂಬ ಕರಿಯ ಜನಾಂಗದ ಧರ್ಮೋಪದೇಶಕರು. 1953ರಿಂದ ಸುಮಾರು ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯವರ ಸತ್ಯಾಗ್ರಹದ ಮರ್ಮವನ್ನು ಅರಿತು ತಾಯ್ನಾಡಿಗೆ ಮರಳಿದವರು. ಕಲಿಯಲು ಬಂದವರು ಡಯೇನ್ ನ್ಯಾಶ್, ಜಾನ್ ಲೂಯಿಸ್ ಮೊದಲಾದ ತರುಣ ವಿದ್ಯಾರ್ಥಿಗಳು. ಆ ಊರಿನ ದೊಡ್ಡ ಅಂಗಡಿಗಳಲ್ಲಿ ಸಾಮಾನು ಕೊಳ್ಳಲು ಕರಿಯರ ಹಣ ಸಲ್ಲುತ್ತಿತ್ತು. ಅದೇ ಅಂಗಡಿಯೊಳಗಿನ ಉಪಾಹಾರದ ಕಟ್ಟೆಯಲ್ಲಿ ಮಾತ್ರ ಅವರು ಕುಳಿತು ಉಣ್ಣುವಂತಿರಲಿಲ್ಲ. ಇಲ್ಲಿ ಅಪರಾಧಿ ಯಾರು? ಬಡಿಸುವವಳು ಯಜಮಾನನ ಅಪ್ಪಣೆಯೆನ್ನುವಳು, ಯಜಮಾನನು ಗಿರಾಕಿಗಳ ರೂಢಿಯೆನ್ನುವನು, ಪೊಲೀಸಿನವನು ಶಾಂತಿಪಾಲನೆಯೆನ್ನುವನು. ಪಾಪವು ಹೀಗೆ ಹಂಚಿಹೋದಾಗ ಯಾರ ಕೈಯಲ್ಲಿಯೂ ಕಲೆ ಕಾಣದು. ವ್ಯವಸ್ಥೆಯೊಳಗೆ ಬೇರೂರಿದ ವರ್ಣದ್ವೇಷದ ಸ್ವರೂಪವೇ ಇದು.

ನೆಲಮಾಳಿಗೆಯಲ್ಲಿ ಕುರ್ಚಿಗಳನ್ನು ಸಾಲಾಗಿರಿಸಿ ಅದನ್ನೇ ಕಟ್ಟೆಯೆಂದು ಭಾವಿಸುತ್ತಿದ್ದರು. ಕೆಲವರು ಮೌನವಾಗಿ ಕುಳಿತುಕೊಳ್ಳುವರು. ಉಳಿದವರು ಬಿಳಿಯರ ಗುಂಪಾಗಿ ಬಂದು ಬೈದು, ತಳ್ಳಿ, ಕೆಣಕುವರು. ಪಾತ್ರಗಳು ಅದಲುಬದಲಾಗುವುವು. ಕೈಯೆತ್ತದೆ, ಓಡದೆ, ದೃಷ್ಟಿಯನ್ನು ತಪ್ಪಿಸದೆ ಇರುವುದು ಉಪದೇಶದಿಂದ ಬರುವ ವಿದ್ಯೆಯಲ್ಲ. ಶರೀರವು ಅದನ್ನು ಬೇರೆಯಾಗಿಯೇ ಕಲಿಯಬೇಕು.

ಇಲ್ಲಿ ಶಂಕೆಯೊಂದು ಏಳುತ್ತದೆ. ಅಭ್ಯಾಸವೇ ಸ್ವಭಾವವಾಗುವುದಾದರೆ, ಬೈಗುಳದ ಅಭ್ಯಾಸವು ಬೈಯುವವನನ್ನು ಕೆಡಿಸದೆ? ಶಾಸ್ತ್ರವನ್ನೋದಿದವರಿಗೆ ಪೂರ್ವಪಕ್ಷದ ಪದ್ಧತಿ ತಿಳಿದದ್ದೇ. ಪ್ರತಿವಾದಿಯ ಮತವನ್ನು ಅವನಿಗಿಂತ ಬಲವಾಗಿ ನಿರೂಪಿಸಬಲ್ಲವನೇ ಅದನ್ನು ಖಂಡಿಸಲು ಅರ್ಹನು. ಹಾಗೆ ನಿರೂಪಿಸಿದ ಮಾತ್ರಕ್ಕೆ ಅವನು ಆ ಮತದವನಾಗನು. ಆದರೂ ಈ ಸಮಾಧಾನವು ಅರ್ಧದ್ದು. ವಾದದಲ್ಲಿ ನಾಲಗೆಯೊಂದೇ ಇನ್ನೊಬ್ಬನದಾಗುತ್ತದೆ, ಇಲ್ಲಿಯಾದರೋ ಕೈಯೂ ಮುಖವೂ ಆಗುತ್ತವೆ. ಆದುದರಿಂದಲೇ ಪಾತ್ರವು ಬದಲಾಗುತ್ತಿರಬೇಕು. ಈಗ ತಳ್ಳಿದವನು ಮರುಗಳಿಗೆಯಲ್ಲಿ ತಳ್ಳಿಸಿಕೊಳ್ಳುವನೆಂಬ ನಿಯಮವೇ ಅವನಿಗೆ ರಕ್ಷೆ.

ನಮ್ಮ ನಾಟ್ಯಮೀಮಾಂಸೆಯೊಡನೆ ಇದನ್ನು ಹೋಲಿಸಿ ನೋಡಬಹುದು. ರಂಗದ ಮೇಲಣ ದುಃಖವು ಸಹೃದಯನಲ್ಲಿ ಕರುಣರಸವಾಗಿ ಪರಿಣಮಿಸುತ್ತದೆ. ಅವನು ಕಣ್ಣೊರೆಸಿಕೊಂಡು ತೃಪ್ತನಾಗಿ ಮನೆಗೆ ಹೋಗುತ್ತಾನೆ. ಈ ತೃಪ್ತಿಯನ್ನೇ ಒಪ್ಪದವರು ಬ್ರೆಜಿಲ್ ದೇಶದ ಆಗಸ್ಟೋ ಬೋಲ್ (1931–2009). ಅವರ ಪೀಡಿತರ ರಂಗಭೂಮಿಯಲ್ಲಿ ಅನ್ಯಾಯದ ಕಥೆಯನ್ನು ಒಮ್ಮೆ ಸೋಲಿನವರೆಗೆ ಆಡುವರು. ಮತ್ತೆ ಆಡುವಾಗ ಪ್ರೇಕ್ಷಕನು ಎದ್ದು "ನಿಲ್ಲಿಸಿ" ಎಂದು, ಪೀಡಿತನ ಸ್ಥಾನದಲ್ಲಿ ತಾನೇ ನಿಂತು, ಬೇರೊಂದು ದಾರಿಯನ್ನು ಪ್ರಯತ್ನಿಸಬೇಕು. ರಸಭಂಗವೇ ಅಲ್ಲಿಯ ಉದ್ದೇಶ! ಆಲಂಕಾರಿಕರು ಇದನ್ನು ಕಾವ್ಯವೆನ್ನಲಾರರು, ಎನ್ನಬೇಕಾದ ಅಗತ್ಯವೂ ಇಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗುರುತರವಾದುದು. ಪೆಟ್ಟು ತಿಂದವನಿಗೇ ತಾಳ್ಮೆಯ ಪಾಠವೇಕೆ? ಮನಸ್ಸುಗಳನ್ನು ಪಳಗಿಸಿದರೆ ಕಟ್ಟಳೆ ಬದಲಾಗುವುದೆ? ತರಬೇತಿಯು ನೆಲಮಾಳಿಗೆಯಲ್ಲಿಯೇ ಮುಗಿದಿದ್ದರೆ ಈ ಆಕ್ಷೇಪಕ್ಕೆ ಉತ್ತರವಿರುತ್ತಿರಲಿಲ್ಲ. 1960ರ ಫೆಬ್ರವರಿ 13ರಂದು ವಿದ್ಯಾರ್ಥಿಗಳು ನಿಜವಾದ ಕಟ್ಟೆಗಳ ಮುಂದೆ ಕುಳಿತರು. 27ರಂದು ಅವರ ಮೇಲೆ ಹಲ್ಲೆಯಾಯಿತು. ಸೆರೆಗೆ ಹೋದವರು ಹೊಡೆದವರಲ್ಲ, ಹೊಡೆಸಿಕೊಂಡವರು. ಏಪ್ರಿಲ್ 19ರಂದು ಅವರ ವಕೀಲ ಲೂಬಿಯವರ ಮನೆಗೆ ಬಾಂಬು ಬಿದ್ದಿತು. ಆ ದಿನ ಸಾವಿರಾರು ಜನ ಮೌನವಾಗಿ ನಗರಸಭೆಗೆ ನಡೆದರು. ವರ್ಣದ ಮಾತ್ರದಿಂದ ಭೇದವೆಣಿಸುವುದು ಸರಿಯೆ ಎಂದು ಡಯೇನ್ ನ್ಯಾಶ್ ಕೇಳಲು, ಮೇಯರ್ ಬೆನ್ ವೆಸ್ಟ್ ಅದು ತಪ್ಪೆಂದು ಎಲ್ಲರೆದುರಿಗೆ ಒಪ್ಪಿದರು. ಅಧಿಕಾರದ ಪಾತ್ರವನ್ನು ಕಳಚಿ ಮನುಷ್ಯನಾಗಿ ಉತ್ತರಿಸಬೇಕಾದ ಪ್ರಶ್ನೆಯದು. ಮೇ 10ರಿಂದ ಆರು ಅಂಗಡಿಗಳು ಕರಿಯರಿಗೂ ಬಡಿಸತೊಡಗಿದವು. ಇಡೀ ದೇಶಕ್ಕೆ ಅನ್ವಯಿಸುವ ಶಾಸನಕ್ಕೆ 1964ರವರೆಗೆ ಕಾಯಬೇಕಾಯಿತು. ಬೋಲ್ ಅವರೂ 1993ರಿಂದ 1996ರವರೆಗೆ ರಿಯೊ ನಗರಸಭೆಯ ಸದಸ್ಯರಾಗಿದ್ದು, ಜನರು ಆಡಿದ ನಾಟಕಗಳಿಂದ ಹೊರಟ ಸಲಹೆಗಳನ್ನು 13 ಕಾನೂನುಗಳಾಗಿಸಿದರು.

ಕಚೇರಿಗಳಲ್ಲಿ ಒಂದು ಮಧ್ಯಾಹ್ನ ಆಡಿಸಿ ಮುಗಿಸುವ ತರಬೇತಿಗಳು ಈ ಗಣನೆಗೆ ಸೇರವು. ನೊಂದವನಿಂದಲೇ ಅವನ ನೋವನ್ನು ಮತ್ತೆ ಆಡಿಸಿ, ಉಳಿದವರು ಕಲಿತೆವೆಂದು ಎದ್ದುಹೋಗುವುದು ಹಿಂಸೆಯ ಇನ್ನೊಂದು ರೂಪ. ಅವನು ಸ್ವೇಚ್ಛೆಯಿಂದ ಒಪ್ಪದ ಪಾತ್ರವನ್ನು ಹೊರಿಸಲು ಯಾವ ಶಿಕ್ಷಕನಿಗೂ ಅಧಿಕಾರವಿಲ್ಲ.

ಈ ಕಾರ್ಯಕ್ಕಾಗಿ ಲಾಸನ್ನರನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವು 1960ರ ಮಾರ್ಚಿಯಲ್ಲಿ ಹೊರಹಾಕಿತ್ತು. 2006ರಲ್ಲಿ ಅದೇ ವಿಶ್ವವಿದ್ಯಾಲಯವು ಅವರನ್ನು ಪಾಠ ಹೇಳಲು ಕರೆಯಿತು. ಅವರು ಹೋಗಿ ಪಾಠ ಹೇಳಿದರು.