ಕರೆದವರ ಹೊಣೆ

ಯಾರನ್ನಾದರೂ ಊಟಕ್ಕೋ ಸಮಾರಂಭಕ್ಕೋ ಕರೆದಾಗ ಇಬ್ಬರ ಮೇಲೂ ಹೊಣೆ ಬೀಳುತ್ತದೆ. ಕರೆಸಿಕೊಂಡವರು ಬರಬೇಕು, ಇಲ್ಲವೆ ಬರಲಾಗದೆಂದು ತಿಳಿಸಬೇಕು. ಕರೆದವರು ಬಂದವರನ್ನು ನೋಡಿಕೊಳ್ಳಬೇಕು. ಈ ಹೊಣೆ ಹುಟ್ಟುವುದು ಎಲ್ಲಿಂದ? ಕರೆದ ರೀತಿಯಿಂದಲೋ, ಕರೆದವರ ಮನಸ್ಸಿನಿಂದಲೋ, ಕರೆದ ಮೇಲೆ ಅವರು ಮಾಡಿಕೊಳ್ಳುವ ತಯಾರಿಯಿಂದಲೋ? ಬಾಗಿಲಿಗೆ ಹೋಗಿ ಕರೆಯುವುದೇ ರೂಢಿಯಾಗಿದ್ದ ಕಾಲದಲ್ಲಿ ಈ ಮೂರೂ ಒಟ್ಟಿಗೇ ಇದ್ದವು, ಬಿಡಿಸಿ ನೋಡುವ ಅಗತ್ಯ ಬೀಳುತ್ತಿರಲಿಲ್ಲ. ಕಚೇರಿಯ ಮೇಜಿಗೆ ಕಂಪ್ಯೂಟರ್ ಬಂದು, ಲೆಕ್ಕಪತ್ರದ ಜತೆಗೆ ಕರೆಯೋಲೆಯೂ ಅದರಿಂದಲೇ ಹೊರಡತೊಡಗಿದ ಮೇಲೆ ಆ ಅಗತ್ಯ ಬಿದ್ದಿದೆ.

ಭಾರತೀಯ ಶಾಸ್ತ್ರಗಳು ಕರೆಯದೆ ಬಂದವನನ್ನೂ ಕರೆಸಿಕೊಂಡು ಬಂದವನನ್ನೂ ಒಂದೇ ಎಂದು ಎಣಿಸಲಿಲ್ಲ. ಅತಿಥಿ ಎಂದರೆ ಮುನ್ಸೂಚನೆ ಇಲ್ಲದೆ ಬಾಗಿಲಿಗೆ ಬಂದವನು. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಅವನನ್ನು ತಾಯಿ, ತಂದೆ, ಆಚಾರ್ಯರ ಸಾಲಿನಲ್ಲಿ ನಿಲ್ಲಿಸುತ್ತದೆ. ಅವನಿಗೆ ಅನ್ನ ಹಾಕುವ ಕರ್ತವ್ಯ ಗೃಹಸ್ಥನಾದ ಕಾರಣಕ್ಕೇ ಬಂದದ್ದು, ಕರೆದದ್ದಕ್ಕಲ್ಲ. ಹಾಗೆ ನೋಡಿದರೆ ಮದುವೆ ಪತ್ರಿಕೆಯಲ್ಲಿ ಆ ಉಪನಿಷತ್ ವಾಕ್ಯವನ್ನು ಅಚ್ಚುಹಾಕಿಸುವವರು ಅದನ್ನು ತಪ್ಪು ಜಾಗದಲ್ಲಿ ಹಾಕಿಸಿದ್ದಾರೆ. ಪತ್ರಿಕೆ ತಲುಪಿದವನು ಆ ಅರ್ಥದ ಅತಿಥಿಯೇ ಅಲ್ಲ.

ಕರೆಸಿಕೊಂಡವನ ಕರ್ತವ್ಯವನ್ನು ವ್ಯಾಕರಣವೂ ಧರ್ಮಶಾಸ್ತ್ರವೂ ಬೇರೆಯಾಗಿ ಚರ್ಚಿಸಿವೆ. ಪಾಣಿನಿಯ ಒಂದು ಸೂತ್ರ ನಿಮಂತ್ರಣವನ್ನೂ ಆಮಂತ್ರಣವನ್ನೂ ಎರಡು ಪ್ರತ್ಯೇಕ ಸಂದರ್ಭಗಳಾಗಿ ಹೆಸರಿಸುತ್ತದೆ. ಮೊದಲನೆಯದು ತಪ್ಪಿಸುವಂತಿಲ್ಲದ ಕರೆ, ಎರಡನೆಯದು ಬರುವುದು ಬಿಡುವುದು ಇಷ್ಟಕ್ಕೆ ಬಿಟ್ಟ ಕರೆ ಎಂದು ಸೂತ್ರದ ವ್ಯಾಖ್ಯಾನವಾದ ಕಾಶಿಕಾವೃತ್ತಿ ವಿವರಿಸುತ್ತದೆ. ಶ್ರಾದ್ಧದ ಕರೆ ಮೊದಲನೆಯ ಬಗೆಗೆ ಸೇರಿದ್ದು. ಮನುಸ್ಮೃತಿಯ ಮೂರನೆಯ ಅಧ್ಯಾಯದ ಪ್ರಕಾರ ಬ್ರಾಹ್ಮಣರನ್ನು ಹಿಂದಿನ ದಿನವೋ ಅದೇ ದಿನವೋ ಕರೆಯಬೇಕು. ಒಪ್ಪಿಕೊಂಡವನು ಆಗಿನಿಂದಲೇ ನೇಮದಲ್ಲಿರಬೇಕು, ಒಪ್ಪಿ ತಪ್ಪಿಸಿದರೆ ದೋಷ. ಕರೆಗೆ ಹೂಂ ಎಂದ ಕೂಡಲೇ, ಎಲೆಯ ಮುಂದೆ ಕೂರುವ ಮೊದಲೇ, ವ್ರತ ಶುರುವಾಗಿಬಿಡುತ್ತದೆ.

ಪುರಾಣ ಇತಿಹಾಸಗಳಲ್ಲಿ ಪ್ರಶ್ನೆ ಇನ್ನೂ ತೊಡಕಾಗುತ್ತದೆ. ದಕ್ಷ ಯಜ್ಞಕ್ಕೆ ಮಗಳು ಅಳಿಯನನ್ನು ಬಿಟ್ಟು ಉಳಿದವರನ್ನೆಲ್ಲ ಕರೆದ. ತಂದೆಯ ಮನೆಗೆ, ಗುರುವಿನ ಮನೆಗೆ, ಗೆಳೆಯರ ಮನೆಗೆ ಕರೆಯದೆಯೂ ಹೋಗಬಹುದು ಎಂಬುದು ಭಾಗವತದಲ್ಲಿ ಸತಿಯ ವಾದ. ಶಿವ ಅದನ್ನು ಅಲ್ಲಗಳೆಯುವುದಿಲ್ಲ. ಆ ಮನೆಯವರ ಕಣ್ಣಿಗೆ ಅಹಂಕಾರ ಕವಿದಿರದಿದ್ದರೆ ಮಾತ್ರ ಎಂಬ ಷರತ್ತು ಸೇರಿಸುತ್ತಾನೆ. ಉದ್ಯೋಗಪರ್ವದಲ್ಲಿ ಇದರ ಇನ್ನೊಂದು ಮಗ್ಗುಲಿದೆ. ದುರ್ಯೋಧನ ಕೃಷ್ಣನನ್ನು ಊಟಕ್ಕೆ ಕರೆಯುತ್ತಾನೆ, ಉಪಚಾರದಲ್ಲಿ ಒಂದಿಷ್ಟೂ ಲೋಪವಿಲ್ಲ. ಮತ್ತೊಬ್ಬರ ಅನ್ನವನ್ನು ಪ್ರೀತಿಗೆ ಉಣ್ಣಬೇಕು, ಇಲ್ಲವೆ ಕಷ್ಟಕಾಲದಲ್ಲಿ ಉಣ್ಣಬೇಕು. ನಿನ್ನಲ್ಲಿ ಪ್ರೀತಿಯಿಲ್ಲ, ನನಗೆ ಕಷ್ಟವಿಲ್ಲ ಎಂಬ ಅರ್ಥದ ಮಾತು ಹೇಳಿ ಕೃಷ್ಣ ವಿದುರನ ಮನೆಗೆ ನಡೆಯುತ್ತಾನೆ. ಅಂದರೆ ಕರೆಯ ವಿಧಿ ಪೂರ್ತಿಯಾಗಿದ್ದೂ ಅದು ಕರೆಯಾಗದೆ ಉಳಿಯಬಹುದು, ವಿಧಿಯೇ ಇಲ್ಲದೆಯೂ ಬಾಗಿಲು ತೆರೆದಿರಬಹುದು.

ಬೇರೆ ಧರ್ಮಗಳ ಚರ್ಚೆ ಹೆಚ್ಚಾಗಿ ಯಾರನ್ನು ಬಿಟ್ಟಿರಿ ಎಂಬ ಕಡೆಯಿಂದ ಹೊರಡುತ್ತದೆ. ವಲೀಮ, ಅಂದರೆ ಮದುವೆಯೂಟದ ಕರೆಯನ್ನು ಒಪ್ಪಿಕೊಳ್ಳುವುದು ಕಡ್ಡಾಯ ಎಂಬುದು ಇಸ್ಲಾಮಿನ ಬಹುಪಾಲು ನ್ಯಾಯಶಾಸ್ತ್ರಜ್ಞರ ಮತ. ಸಿರಿವಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮದ ಊಟವೇ ಕೆಟ್ಟ ಊಟ ಎಂದು ಹದೀಸ್ ಹೇಳುತ್ತದೆ. ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ, ತಿರುಗಿ ಕರೆಯಲಾರದವರನ್ನೇ ಕರೆಯಿರಿ ಎಂದು ಯೇಸು ಉಪದೇಶಿಸುತ್ತಾನೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ಕರೆಯದಿರುವುದು ಯುದ್ಧ ಸಾರಿದಂತೆ ಎಂದು ಕಂಡುಕೊಂಡದ್ದು ಬೇರೆ ಸಮಾಜಗಳನ್ನು ನೋಡಿ. ದಕ್ಷನ ಕಥೆ ಗೊತ್ತಿರುವ ಕನ್ನಡಿಗರಿಗೆ ಅದು ಹೊಸ ಸುದ್ದಿಯೇನಲ್ಲ.

ಕರ್ನಾಟಕದ ಮನೆಗಳಲ್ಲಿ ಕರೆಯುವ ಕೆಲಸಕ್ಕೆ ಅದರದೇ ಕ್ರಮವಿದೆ. ಮೊದಲ ಪತ್ರಿಕೆ ಮನೆದೇವರ ಮುಂದೆ. ಆಮೇಲೆ ಗಂಡ ಹೆಂಡತಿ ಜೊತೆಯಾಗಿ ಹೊರಡುತ್ತಾರೆ, ಕೈಚೀಲದಲ್ಲಿ ಪತ್ರಿಕೆಗಳ ಕಟ್ಟು, ಕುಂಕುಮದ ಬಟ್ಟಲು, ಅಕ್ಷತೆಯ ಪೊಟ್ಟಣ. ಆ ಮನೆಯ ಹೆಂಗಸರಿಗೆ ಕುಂಕುಮ ಕೊಟ್ಟು, ಪತ್ರಿಕೆಯ ಮೇಲೆ ಅಕ್ಷತೆ ಇಟ್ಟು, "ಮನೆಮಂದಿಯೆಲ್ಲ ಬರಬೇಕು, ಎರಡು ದಿನ ಮುಂಚೆಯೇ ಬಂದು ನಡೆಸಿಕೊಡಬೇಕು" ಎಂದು ಹೇಳಿದರೆ ಕರೆ ಮುಗಿಯಿತು. ಗಂಡಸರಿಗೆ ಮಾತ್ರ ಹೇಳಿ ಹೋದರು, ಬಾಗಿಲಲ್ಲೇ ಕೊಟ್ಟು ಹೋದರು ಎಂಬ ಮುನಿಸು ವರ್ಷಗಟ್ಟಲೆ ಉಳಿದುಬಿಡುತ್ತದೆ. ಇದನ್ನು ಬರೀ ಜಂಬ ಎಂದು ತಳ್ಳಿಹಾಕುವಂತಿಲ್ಲ. ಬಂದು ಕರೆದವರು ಬಸ್ಸು ಹತ್ತಿದ್ದಾರೆ, ಬಿಸಿಲಲ್ಲಿ ನಡೆದಿದ್ದಾರೆ, ಹೋದಲ್ಲೆಲ್ಲ ಬೇಡವೆಂದರೂ ಕಾಫಿ ಕುಡಿದಿದ್ದಾರೆ. ಇಷ್ಟು ದೇಹಶ್ರಮವೇ ಅವರ ಮನಸ್ಸಿಗೆ ಸಾಕ್ಷಿ. ಅಂಚೆಯಲ್ಲಿ ಕಳಿಸುವ ರೂಢಿ ಬಂದಾಗಲೇ ಆ ಸಾಕ್ಷಿ ಸಡಿಲವಾಗಿತ್ತು. ಇದನ್ನೇ ಖುದ್ದು ಕರೆಯೆಂದು ಭಾವಿಸಿ ಬರಬೇಕು ಎಂದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಸಾಲು ಆಗಿನ ಕ್ಷಮಾಪಣೆ.

ಕಚೇರಿಯ ಕರೆ ಮೊದಲಿನಿಂದಲೂ ಬೇರೆ ಜಾತಿಯದು. ನಿವೃತ್ತರಾಗುವವರ ಬೀಳ್ಕೊಡುಗೆ ಎಂದರೆ ಒಂದು ಸುತ್ತೋಲೆ ಟೈಪಾಗುತ್ತಿತ್ತು, ಕೆಳಗೆ ಸಿಬ್ಬಂದಿಯ ಹೆಸರುಗಳ ಪಟ್ಟಿ, ಎದುರಿಗೆ ವಂತಿಗೆಯ ಕಾಲಂ. ಜವಾನ ಅದನ್ನು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ. ಪ್ರತಿಯೊಬ್ಬರೂ ತಮ್ಮ ಹೆಸರಿನ ಎದುರು ಸಹಿ ಹಾಕುತ್ತಿದ್ದರು. ಸಹಿ ಎಂದರೆ ನೋಡಿದ್ದೇನೆ ಎಂದಷ್ಟೇ. ಬರುತ್ತೇನೆ ಎಂಬುದನ್ನು ಯಾರೂ ಬರೆಯುತ್ತಿರಲಿಲ್ಲ, ಅದನ್ನು ಮಾತಾಡಿಕೊಳ್ಳುವುದು ಕ್ಯಾಂಟೀನಿನಲ್ಲಿ.

ಕಚೇರಿಗೆ ಕಂಪ್ಯೂಟರ್ ಬಂದದ್ದು ಇಂಥದಕ್ಕಲ್ಲ. 1951ರಲ್ಲಿ ವ್ಯಾಪಾರದ ನಿತ್ಯದ ಕೆಲಸಕ್ಕೆ ಮೊದಲು ಬಳಕೆಯಾದ ಲಿಯೋ ಯಂತ್ರವನ್ನು ಕಟ್ಟಿಸಿದ್ದು ಲಂಡನ್ನಿನಲ್ಲಿ ಚಹಾದಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಕಂಪನಿ. ಅದು ಮಾಡಿದ್ದು ಬೇಕರಿಯ ಲೆಕ್ಕ. ಲೆಕ್ಕದಿಂದ ಟೈಪಿಂಗಿಗೆ, ಟೈಪಿಂಗಿನಿಂದ ಟಪಾಲಿಗೆ, ಟಪಾಲಿನಿಂದ ದಿನಚರಿಗೆ ಯಂತ್ರ ಹಬ್ಬಿತು. ಇಮೇಲಿನ ‘ಸಿಸಿ’ ಟೈಪ್‌ರೈಟರಿನ ಕಾರ್ಬನ್ ಪ್ರತಿಯ ಪಳೆಯುಳಿಕೆ. ಮೇಲ್ ಮರ್ಜ್ ಬಂದು, ಪಟ್ಟಿಯ ಒಂದೊಂದು ಹೆಸರನ್ನೂ ಒಂದೊಂದು ಪತ್ರದ ತಲೆಯ ಮೇಲೆ ಯಂತ್ರವೇ ಕೂರಿಸತೊಡಗಿತು. ಹೆಸರು ಬರೆದಿದ್ದಾರೆ, ಅಂದಮೇಲೆ ನೆನಪಿಟ್ಟಿದ್ದಾರೆ ಎಂಬ ಹಳೆಯ ತರ್ಕ ಅಲ್ಲಿಗೆ ಮುರಿಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ಕಣ್ಣಿಗೆ ಬೀಳದ ಕಡೆ ಆಯಿತು. ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರ್ ತಂತ್ರಾಂಶಗಳು ಪರಸ್ಪರ ಕರೆ ಕಳಿಸಿಕೊಳ್ಳಲೆಂದು ಲೋಟಸ್ ಮತ್ತು ಮೈಕ್ರೋಸಾಫ್ಟ್ ಎಂಜಿನಿಯರುಗಳು ಬರೆದ ಐಕ್ಯಾಲೆಂಡರ್ ಎಂಬ ಮಾನಕ 1998ರಲ್ಲಿ ಪ್ರಕಟವಾಯಿತು, 2009ರಲ್ಲಿ ಪರಿಷ್ಕಾರಗೊಂಡಿತು. ಅದರಲ್ಲಿ ಕರೆಸಿಕೊಂಡವರಿಗೊಂದು ಸ್ಥಿತಿ ಇರುತ್ತದೆ: ಒಪ್ಪಿದ್ದಾರೆ, ಒಪ್ಪಿಲ್ಲ, ಟೆಂಟೆಟಿವ್, ಬೇರೊಬ್ಬರಿಗೆ ವಹಿಸಿದ್ದಾರೆ. ಏನೂ ಹೇಳದಿದ್ದವರು ‘ಉತ್ತರ ಬಾಕಿ’ ಎಂಬ ಸ್ಥಿತಿಯಲ್ಲೇ ಉಳಿಯುತ್ತಾರೆ. ಶಾಸ್ತ್ರಕಾರರು ಎರಡೇ ಬಗೆಯ ಕರೆ ಕಂಡಿದ್ದರು. ಯಂತ್ರ ಉತ್ತರಗಳನ್ನು ಹೆಚ್ಚಿಸಿತು. ‘ನೋಡೋಣ’ ಎಂಬುದು ಕನ್ನಡಿಗರ ಬಾಯಲ್ಲಿ ಮೊದಲೂ ಇತ್ತು, ಆದರೆ ಅದು ನಯವಾದ ‘ಇಲ್ಲ’ ಎಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಟೆಂಟೆಟಿವ್ ಹಾಗಲ್ಲ, ಅದು ದಾಖಲೆಗೆ ಹೋದ ಅನಿಶ್ಚಯ. ಇನ್ನೂ ಒಳ್ಳೆಯ ಕರೆ ಬಂದೀತೆಂದು ಕಾಯುವವರಿಗೆ ಅದೊಂದು ಗೌರವಾನ್ವಿತ ಆಶ್ರಯ.

ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳ ಪ್ರಕಾರ, ಕೆಲವು ಮಾತುಗಳು ಸುದ್ದಿ ಹೇಳುವುದಿಲ್ಲ, ಕೆಲಸವನ್ನೇ ಮಾಡುತ್ತವೆ. ಮಾತು ಕೊಡುವುದು, ಹೆಸರಿಡುವುದು ಅಂಥವು; ಕರೆಯುವುದೂ ಅದೇ ಸಾಲಿನದು. ಇಂಥ ಮಾತು ಕೆಲಸವಾಗಿ ಮುಗಿಯಬೇಕಾದರೆ ಕೇಳಿದವನಿಗೆ ಅದು ತಿಳಿದಿರಬೇಕು. ವಾಟ್ಸಾಪಿನ ಬ್ಲೂ ಟಿಕ್ 2014ರಿಂದ ಇದನ್ನೇ ಖಾತ್ರಿ ಮಾಡುತ್ತಿದೆ ಎನ್ನಬಹುದು, ಆದರೆ ಅದು ಹೇಳುವುದು ಸಂದೇಶ ತೆರೆದುಕೊಂಡಿತು ಎಂಬುದನ್ನು ಮಾತ್ರ. ಹಳೆಯ ಸುತ್ತೋಲೆಯ ಸಹಿಗಿಂತ ಅದರ ಬೆಲೆ ಹೆಚ್ಚಲ್ಲ. ಆಸ್ಟಿನ್ ಇಟ್ಟ ಇನ್ನೊಂದು ಷರತ್ತು ಇಲ್ಲಿ ಹೆಚ್ಚು ಮುಖ್ಯ: ಆಡಿದವನು ಆಮೇಲೆ ಅದರಂತೆ ನಡೆಯಬೇಕು.

ಕಚೇರಿಯ ಪಾರ್ಟಿಯಲ್ಲಿ ಈ ಷರತ್ತು ತಲೆಕೆಳಗಾಗುತ್ತದೆ. ಮೀಟಿಂಗಿನ ಕರೆ ಬರುವ ದಾರಿಯಲ್ಲೇ, ಅದೇ ಬಣ್ಣದ ಚೌಕದಲ್ಲಿ, ಮೇಲಧಿಕಾರಿಯ ಹೆಸರಿನಲ್ಲಿ ಸಂಜೆಯ ಊಟದ ಕರೆಯೂ ಬರುತ್ತದೆ. ಮಾತಿನಲ್ಲಿ ಅದು ಇಷ್ಟಕ್ಕೆ ಬಿಟ್ಟದ್ದು. ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಎಂಬ ಪಟ್ಟಿ ಮೇಲಧಿಕಾರಿಯ ಪರದೆಯ ಮೇಲಿರುವಾಗ ಅದು ತಪ್ಪಿಸಲಾಗದ್ದು. ಕೃಷ್ಣನಿಗಿದ್ದ ನಿರಾಕರಣೆಯ ಸ್ವಾತಂತ್ರ್ಯ ಇಲ್ಲಿ ನೌಕರನಿಗಿಲ್ಲ. ಕರೆದವರು ತಮ್ಮನ್ನು ಕಟ್ಟಿಕೊಳ್ಳದೆ ಕರೆಸಿಕೊಂಡವರನ್ನು ಮಾತ್ರ ಕಟ್ಟಿಹಾಕುವ ಇಂಥದನ್ನು ಆದೇಶವೆನ್ನಬೇಕು.

ಐನೂರು ಜನರಿಗೆ ಒಂದೇ ಸಲ ಹೋದ ಪತ್ರಿಕೆಯ ಚಿತ್ರದ್ದು ಇದಕ್ಕೆ ವಿರುದ್ಧವಾದ ದೋಷ. ಅದು ಯಾರನ್ನೂ ಕಟ್ಟುವುದಿಲ್ಲ, ಕಳಿಸಿದವರನ್ನು ಮೊದಲೇ ಇಲ್ಲ. ಬಾರದವರನ್ನು ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕು ಅವರಿಗಿರುವುದಿಲ್ಲ. ಹಾಗೆಂದು ದೋಷವನ್ನು ಫೋನಿನ ಮೇಲೆ ಹೊರಿಸುವುದು ಸರಿಯಲ್ಲ. ದೂರದೇಶದಲ್ಲಿರುವ ಮಗ ಊರಿನ ಹಳೆಯ ಮೇಷ್ಟರಿಗೆ ಸಂದೇಶ ಕಳಿಸಿ, ಅವರು ಬಂದಿಳಿಯುವ ಬಸ್ಸಿನ ಹೊತ್ತು ಕೇಳಿಕೊಂಡು, ಕರೆತರಲು ಒಬ್ಬರನ್ನು ಗೊತ್ತುಮಾಡಿದ್ದರೆ ಆ ಕರೆ ಪೂರ್ಣ. ಕುಂಕುಮ ಅಕ್ಷತೆ ಕೊಟ್ಟು ಕರೆದು, ಛತ್ರದಲ್ಲಿ ಬಂದವರ ಮುಖ ನೋಡಿ ಊಟ ಆಯಿತೇ ಎಂದು ಕೇಳದವರ ಕರೆ ಅರ್ಧವೇ. ಕರೆದವರ ತಯಾರಿಯಲ್ಲಿ ಬಂದವರಿಗೊಂದು ಜಾಗ ಮೊದಲೇ ಗೊತ್ತಾಗಿರಬೇಕು. ಹೊಣೆ ಹುಟ್ಟುವುದು ಅಲ್ಲಿಂದ. ಅಂಥ ತಯಾರಿ ಇರುವ ಕಡೆಗೆ ಟೆಂಟೆಟಿವ್ ಎಂದು ಉತ್ತರಿಸುವುದು ಅಸಭ್ಯತೆ. ಹಿಂದಿನ ಸಂಜೆ ಅಡುಗೆ ಭಟ್ಟರು ಕೇಳುವುದು ಎಷ್ಟು ಎಲೆ ಎಂದು, ಅದಕ್ಕೆ ಅಂಕಿಯನ್ನೇ ಹೇಳಬೇಕಾಗುತ್ತದೆ.