ಅರುಣೋದಯ ಕಾಲದ ಸೊಬಗು



ಅಹೋರಾತ್ರಿಯ ೬೦ ಘಳಿಗೆಗಳಲ್ಲಿ ಸಾಧಕನಿಗೆ ಅತ್ಯಂತ ಪ್ರಿಯವಾದ ಕಾಲ ಯಾವುದೆಂದು ಕೇಳಿದರೆ, ಹಿರಿಯರು ಅರುಣೋದಯವನ್ನೇ ಹೇಳುವರು. ಸೂರ್ಯೋದಯಕ್ಕೆ ಮುಂಚಿನ ೪ ಘಳಿಗೆಗಳಿಗೆ ಈ ಹೆಸರು. ಘಳಿಗೆಗೆ ೨೪ ನಿಮಿಷಗಳಂತೆ ಇದು ೯೬ ನಿಮಿಷಗಳಾಗುತ್ತದೆ. ನಮ್ಮ ಸೀಮೆಯಲ್ಲಿ ಧನುರ್ಮಾಸದ ಕೊನೆಗೆ ಸೂರ್ಯನು ಸುಮಾರು ೬ ಗಂಟೆ ೪೫ ನಿಮಿಷಕ್ಕೆ ಉದಯಿಸುವುದರಿಂದ, ೫ ಗಂಟೆ ಕಳೆದ ಸ್ವಲ್ಪ ಹೊತ್ತಿಗೇ ಈ ಪುಣ್ಯಕಾಲವು ಪ್ರಾರಂಭವಾಗುವುದು. ಆ ಹೊತ್ತಿಗೆ ದೇವಾಲಯದಲ್ಲಿ ಹುಗ್ಗಿಯ ನೈವೇದ್ಯಕ್ಕೆ ಸಿದ್ಧತೆ ನಡೆದಿರುತ್ತದೆ. ನಕ್ಷತ್ರಗಳು ಕಾಣುತ್ತಿರುವಾಗ ಮಾಡಿದ ಪ್ರಾತಃಸಂಧ್ಯೆಯು ಉತ್ತಮ, ನಕ್ಷತ್ರಗಳು ಮರೆಯಾದ ಮೇಲೆ ಮಧ್ಯಮ, ಸೂರ್ಯೋದಯಾನಂತರ ಅಧಮ ಎಂಬುದು ಶಾಸ್ತ್ರದ ಕ್ರಮ.

ಈ ಕಾಲದ ಸೊಬಗನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಮಧುಗಿರಿಯ ಶ್ರೀ ವೆಂಕಟರಮಣಸ್ವಾಮಿಯ ದೇವಾಲಯದ ಬಳಿ ನಿಂತು ಏಕಶಿಲೆಯ ಬೆಟ್ಟವನ್ನು ನೋಡಿರಿ. ಊರಿನ ಬೀದಿಗಳಲ್ಲಿ ಇನ್ನೂ ಕತ್ತಲೆ ಇರುವಾಗಲೇ, ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರದ ಆ ಶಿಖರವು ಕೆಂಪೇರುತ್ತದೆ. ಅನಂತರ ಬೆಳಕು ಕೋಟೆಯ ಗೋಡೆಗಳ ಮೇಲೆ ಇಳಿದು, ಕೊನೆಗೆ ಮನೆಯಂಗಳದ ರಂಗವಲ್ಲಿಯನ್ನು ಮುಟ್ಟುತ್ತದೆ. ಬೆಳಕು ಒಂದೇ, ಪಡೆಯುವವರ ಸ್ಥಾನದಂತೆ ಅದರ ಪ್ರಾಪ್ತಿಯಲ್ಲಿ ತಾರತಮ್ಯ. ಆದರೆ ಅಂಗಳವನ್ನು ಬೆಳಕು ಮರೆತದ್ದುಂಟೇ? ಭಗವಂತನ ಅನುಗ್ರಹದ ರೀತಿಯೂ ಹೀಗೆಯೇ.

ಪಾವಗಡದ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ, ೨೦೧೯ರ ವೇಳೆಗೆ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವು ಪೂರ್ಣಗೊಂಡಿತು. ಮಳೆಯನ್ನು ನೆಚ್ಚಿ ಕಡಲೇಕಾಯಿ ಬೆಳೆಯುತ್ತಿದ್ದ ಆ ಒಣಸೀಮೆಯಲ್ಲಿ ಈಗ ಗಾಜಿನ ಫಲಕಗಳು ಸಾಲಾಗಿ ಆಕಾಶವನ್ನು ನೋಡುತ್ತಾ ನಿಂತಿವೆ. ಎಷ್ಟೇ ದೊಡ್ಡ ಸ್ಥಾವರವಾದರೂ ರಾತ್ರಿಯಲ್ಲಿ ಅವು ನಿಷ್ಕ್ರಿಯ. ಸೂರ್ಯನು ಬಂದರೆ ಮಾತ್ರ ಅವುಗಳಲ್ಲಿ ಶಕ್ತಿ. ಆ ಸೂರ್ಯನಾದರೂ ತನ್ನೊಳಗಿರುವ ನಾರಾಯಣನ ಅಧೀನನು. ಜೀವನು ಪರತಂತ್ರನೆಂಬ ಶ್ರೀಮದಾಚಾರ್ಯರ ಸಿದ್ಧಾಂತಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕೆ?

ಇನ್ನು, ಈ ಕಾಲಕ್ಕೆ ನಮ್ಮ ಸಂಪ್ರದಾಯದಲ್ಲಿ ಏಕೆ ಇಷ್ಟು ಗೌರವವೆಂಬುದನ್ನು ವಿಚಾರಿಸೋಣ. ಏಕಾದಶಿಯ ನಿರ್ಣಯದಲ್ಲಿ ಅರುಣೋದಯವೇ ಪ್ರಮಾಣ. ಆ ೪ ಘಳಿಗೆಗಳಲ್ಲಿ ದಶಮಿಯ ಸ್ಪರ್ಶವು ಲೇಶಮಾತ್ರ ಇದ್ದರೂ ಅಂದಿನ ಏಕಾದಶಿಯು ವಿದ್ಧವಾಯಿತು; ಉಪವಾಸವು ಮರುದಿನ. ಹಗಲೆಲ್ಲ ಏಕಾದಶಿಯೇ ಇದ್ದರೂ ಪ್ರಯೋಜನವಿಲ್ಲ. ಹಿಂದಿನ ತಿಥಿಯು ಬೆಳಗಿನೊಳಗೆ ಕಾಲಿಟ್ಟರೆ ದಿನವೇ ಕೆಟ್ಟಿತು.

ಸಜ್ಜನರೇ, ನಮ್ಮ ಮನಸ್ಸಿಗೂ ಇಂತಹ ವೇಧ ಉಂಟು. ಕಣ್ಣು ತೆರೆದೊಡನೆ ನೆನ್ನೆಯ ಜಗಳ, ನೆನ್ನೆಯ ಸಾಲ, ನೆನ್ನೆಯ ಅವಮಾನ ಬಂದು ಕುಳಿತರೆ, ಹೊಸ ದಿನಕ್ಕೆ ಹಳೆಯ ದಿನದ ಸೋಂಕು ತಗಲಿತು. ಅವು ಬರುವ ಮೊದಲೇ ಹರಿಸ್ಮರಣೆಯು ಒಳಗೆ ಬಂದು ಕುಳಿತಿದ್ದರೆ ಅಂದಿನ ದಿನವು ಶುದ್ಧ.

ಒಮ್ಮೆ ಕೊರಟಗೆರೆಯ ಕಡೆಯ ರೈತರೊಬ್ಬರು ಉಪನ್ಯಾಸ ಮುಗಿದ ಮೇಲೆ ಹಿಂದೆ ಉಳಿದು ಕೇಳಿದರು: “ಸ್ವಾಮೀ, ನಮ್ಮ ಪಂಪ್‌ಸೆಟ್ಟಿಗೆ ಕರೆಂಟು ಬರುವುದೇ ನಡುರಾತ್ರಿಯ ಮೇಲೆ. ತೋಟಕ್ಕೆ ನೀರು ಹಾಯಿಸಿ ಬಂದು ಮಲಗುವಾಗ ಬೆಳಕು ಹರಿದಿರುತ್ತದೆ. ಸ್ನಾನವಿಲ್ಲ, ಜಪವಿಲ್ಲ. ತಾವು ಹೇಳಿದ ಅರುಣೋದಯ ನಮ್ಮಂಥವರ ಪಾಲಿಗೆ ಇಲ್ಲವೇ?”

ಅವರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ವ್ರತಕ್ಕೆ ಕಾಲನಿಯಮ ಉಂಟು, ಅದನ್ನು ಸಡಿಲಿಸುವ ಅಧಿಕಾರ ನಮಗಿಲ್ಲ. ಆದರೆ ಸ್ಮರಣೆಗೆ ಕಾಲನಿಯಮವಿಲ್ಲ. ತನ್ನ ಕರ್ಮದಿಂದಲೇ ಭಗವಂತನನ್ನು ಅರ್ಚಿಸಬಹುದೆಂದು ಗೀತಾಚಾರ್ಯನೇ ಅಪ್ಪಣೆ ಕೊಡಿಸಿದ್ದಾನೆ. ಅರುಣೋದಯವನ್ನು ಕಳೆದುಕೊಂಡವರು ಹಾಸಿಗೆಯಲ್ಲಿರುವ ನಾವು. ಗುದ್ದಲಿ ಹಿಡಿದು ಕಾಲುವೆಯ ನೀರಿನಲ್ಲಿ ನಿಂತಿರುವ ನೀವು ಅದರ ಒಳಗೇ ಇದ್ದೀರಿ. ನೀರು ಕೆಂಪಾದಾಗ ಒಂದು ಕ್ಷಣ ಗುದ್ದಲಿಯನ್ನು ನಿಲ್ಲಿಸಿ, ಮೂಡಣಕ್ಕೆ ಮುಖ ಮಾಡಿ, ‘ಈ ನೀರೂ ನಿನ್ನದು, ಈ ದುಡಿಮೆಯೂ ನಿನ್ನದು’ ಎಂದು ನಾರಾಯಣನಿಗೆ ಅರ್ಪಿಸಿರಿ. ಅದೇ ನಿಮ್ಮ ಅರುಣೋದಯಪೂಜೆ.

ರೋಗಿಗಳಿಗೂ, ವೃದ್ಧರಿಗೂ, ರಾತ್ರಿಪಾಳಿಯ ಕೆಲಸದವರಿಗೂ, ಎಳೆಗೂಸಿನ ತಾಯಂದಿರಿಗೂ ಇದೇ ಉತ್ತರ. ಶಕ್ತಿಯಿದ್ದೂ ಸೋಮಾರಿತನದಿಂದ ಮಲಗಿರುವವರಿಗೆ ಮಾತ್ರ ಇದು ಆಶ್ರಯವಾಗದು. ಅವರು ನಾಳೆಯೇ ಏಳತಕ್ಕದ್ದು.

ಈ ಧನುರ್ಮಾಸದಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಒಂದು ಸಂಕಲ್ಪವಿರಲಿ: ನೆಲಕ್ಕೆ ಕಾಲಿಡುವ ಮುನ್ನ ಹರಿಯ ನಾಮ, ಹರಿಯ ನಾಮಕ್ಕೆ ಮುನ್ನ ಬೇರೆ ಮಾತಿಲ್ಲ. ದಿನದ ಮೊದಲ ಕ್ಷಣವನ್ನು ಕೊಟ್ಟವನಿಗೆ ಉಳಿದ ಕ್ಷಣಗಳನ್ನು ನಡೆಸುವ ಭಾರ ಅವನದೇ.

ಶ್ರೀಕೃಷ್ಣಾರ್ಪಣಮಸ್ತು