ಅರಿಯದೆ ಕೊಟ್ಟದ್ದು ಕೊಟ್ಟಂತಾಗುವುದೆ?

ಹಿರಿಯರು ಕಾಲವಾದ ಮೇಲೆ ಮನೆಯಲ್ಲಿ ಉಳಿಯುವ ವಸ್ತುಗಳು ಎರಡು ಬಗೆಯವು. ಹೊಲ, ಮನೆ, ಚಿನ್ನ, ಬೆಳ್ಳಿ ಮೊದಲಾದವುಗಳಿಗೆ ಬೆಲೆಯುಂಟೆಂಬುದು ಎಲ್ಲರಿಗೂ ತಿಳಿದದ್ದೇ. ಅವುಗಳ ನಿಮಿತ್ತ ದಾಯಾದಿಗಳಲ್ಲಿ ಕಲಹ ಹುಟ್ಟಬಹುದು. ಆದರೆ ಯಾವುದಕ್ಕಾಗಿ ಕಲಹ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಎರಡನೆಯ ಬಗೆಯ ವಸ್ತುಗಳ ಬೆಲೆ ಎಲ್ಲೋ ಕೆಲವರಿಗೆ ಮಾತ್ರ ತಿಳಿದಿರುತ್ತದೆ. ಉಳಿದವರ ಕಣ್ಣಿಗೆ ಅವು ಅಟ್ಟದ ಮೇಲಿನ ಕಸ. ಇಂತಹ ವಸ್ತುಗಳ ವಿಷಯದಲ್ಲಿ ಕಲಹವೇ ಹುಟ್ಟುವುದಿಲ್ಲ. ಅನ್ಯಾಯವು ಮಾತ್ರ ಸದ್ದಿಲ್ಲದೆ ನಡೆದುಹೋಗಬಹುದು. ಕಳೆದುಕೊಂಡವನಿಗೆ ಕಳೆದುಕೊಂಡೆನೆಂಬ ಅರಿವೂ ಇರುವುದಿಲ್ಲ.

ಅಮೆರಿಕೆಯ ಮಕ್ಕಳ ಚಿತ್ರಕಥಾ ಪುಸ್ತಕಗಳು, ಅಂದರೆ ಕಾಮಿಕ್ಸ್‌ಗಳು, ಈ ಎರಡನೆಯ ಬಗೆಗೆ ತಕ್ಕ ನಿದರ್ಶನ. ಸೂಪರ್‌ಮ್ಯಾನ್ ಎಂಬ ಸಾಹಸಪುರುಷನನ್ನು ಲೋಕಕ್ಕೆ ಮೊದಲು ತೋರಿಸಿದ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆಯ ಮೇಲೆ 1938ರ ಜೂನ್ ತಿಂಗಳ ಹೆಸರಿದೆ. ಬೆಲೆ ಹತ್ತು ಸೆಂಟು. ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಪಿನ್ನು ಹೊಡೆದ ಆ ಪುಸ್ತಕವನ್ನು ಮಕ್ಕಳು ಓದಿ, ಒಬ್ಬರಿಂದೊಬ್ಬರಿಗೆ ದಾಟಿಸಿ, ಹರಿದು ಎಸೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಾಗದವನ್ನು ಮನೆಮನೆಯಿಂದ ಸಂಗ್ರಹಿಸಿದಾಗ ಅಳಿದುಳಿದವುಗಳಲ್ಲಿ ಎಷ್ಟೋ ತಿರುಳಾಗಿ ಹೋದವು. ಈಗ ಆ ಸಂಚಿಕೆಯ ನೂರರ ಆಸುಪಾಸು ಪ್ರತಿಗಳು ಮಾತ್ರ ಉಳಿದಿವೆಯೆಂದು ಬಲ್ಲವರ ಅಂದಾಜು. ಅಂತಹ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರುಗಳಿಗೆ ಹರಾಜಾಯಿತು. ವಸ್ತುವಿನಲ್ಲಿ ಇಷ್ಟು ಬೆಲೆ ಬಾಳುವ ದ್ರವ್ಯವೇನೂ ಇಲ್ಲ. ಎಲ್ಲರೂ ಎಸೆದದ್ದನ್ನು ಒಬ್ಬರು ಎಸೆಯದೆ ಇಟ್ಟುಕೊಂಡರೆಂಬುದೇ ಅದರ ಬೆಲೆ.

2011ರಲ್ಲಿ ವರ್ಜೀನಿಯಾ ರಾಜ್ಯದ ಮಾರ್ಟಿನ್ಸ್‌ವಿಲ್ ಎಂಬ ಊರಿನಲ್ಲಿ ವೃದ್ಧೆಯೊಬ್ಬಳು ತೀರಿಕೊಂಡ ಬಳಿಕ ಅವಳ ಮನೆಯನ್ನು ಬರಿದುಮಾಡಲು ಬಂದ ಬಂಧುವೊಬ್ಬನು ನೆಲಮಾಳಿಗೆಯ ಕಪಾಟಿನಲ್ಲಿ ಒಪ್ಪವಾಗಿ ಜೋಡಿಸಿಟ್ಟ 345 ಚಿತ್ರಕಥಾ ಪುಸ್ತಕಗಳನ್ನು ಕಂಡನು. ಅವಳ ಪತಿ ಬಾಲಕನಾಗಿದ್ದಾಗ ಕೊಂಡು, ಜೀವಮಾನವೆಲ್ಲ ಕಾಪಾಡಿಕೊಂಡು ಬಂದವು ಅವು. ಬಂಧುವು ಅರ್ಧವನ್ನು ತಾನಿಟ್ಟುಕೊಂಡು, ಉಳಿದರ್ಧವನ್ನು ಟೆಕ್ಸಾಸ್‌ನಲ್ಲಿದ್ದ ತಮ್ಮ ತಾಯಿಯ ಮನೆಗೆ ಸಹೋದರನ ಪಾಲೆಂದು ಕಳುಹಿಸಿದನು. ಅವುಗಳ ಬೆಲೆ ಆಗ ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಮುಂದೊಂದು ದಿನ ಜೊತೆಯಲ್ಲಿ ಕೆಲಸ ಮಾಡುವವನೊಡನೆ ಈ ಸಂಗ್ರಹದ ಪ್ರಸ್ತಾಪ ಬಂದಾಗ, ಅದರಲ್ಲಿ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಇದ್ದುಬಿಟ್ಟರೆ ಅದೊಂದು ದೊಡ್ಡ ಸಂಗತಿಯೇ ಸರಿ ಎಂದು ಆತನು ಹೇಳಿದನು. ಮನೆಗೆ ಹೋಗಿ ಹುಡುಕಿದರೆ ಅದು ಅಲ್ಲಿಯೇ ಇತ್ತು! 2012ರ ಫೆಬ್ರವರಿಯಲ್ಲಿ ಆ ಸಂಗ್ರಹದ ಬಹುಭಾಗವು ಡಲ್ಲಾಸ್ ಮೂಲದ ಹೆರಿಟೇಜ್ ಹರಾಜು ಸಂಸ್ಥೆಯ ಮೂಲಕ ಸುಮಾರು 35 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡ 1939ರ ಒಂದು ಸಂಚಿಕೆಗೇ 5,23,000 ಡಾಲರು ಬಂದಿತು.

ಇಲ್ಲಿ ವಿಚಾರಕ್ಕೆ ವಸ್ತುವಾಗುವುದು ಹಣದ ಮೊತ್ತವಲ್ಲ. ಅರಿವು ಇಲ್ಲದ ದಿನಕ್ಕೂ ಅರಿವು ಬಂದ ದಿನಕ್ಕೂ ನಡುವೆ ಒಂದು ಅವಧಿಯಿದೆ. ಆ ಅವಧಿಯಲ್ಲಿ ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದಿದ್ದರೆ ಏನಾಗಬಹುದಾಗಿತ್ತು? ಆ ಜೊತೆಗಾರನು ಬಾಯಿಬಿಡದೆ, ‘ಹಳೆಯ ಪುಸ್ತಕಗಳೆಂದರೆ ನನಗೆ ಆಸೆ, ಎಲ್ಲವನ್ನೂ ನೂರು ಡಾಲರಿಗೆ ಕೊಡು’ ಎಂದಿದ್ದರೆ? ಅಥವಾ ಬೆಲೆಯನ್ನು ಮೊದಲು ತಿಳಿದ ಸಹೋದರನು, ‘ನಿನ್ನ ಪಾಲಿನ ಹಳೆಯ ಕಾಗದವನ್ನೂ ನಾನೇ ಇಟ್ಟುಕೊಳ್ಳುವೆ’ ಎಂದಿದ್ದರೆ? ಕೇಳಿದವನು ಸುಳ್ಳಾಡಲಿಲ್ಲ, ಕೊಟ್ಟವನು ಸಂತೋಷದಿಂದಲೇ ಕೊಟ್ಟನು. ಹಾಗಾದರೆ ಅಲ್ಲಿ ದೋಷವುಂಟೆ?

ಲೌಕಿಕ ಕಾನೂನು ಈ ಪ್ರಶ್ನೆಗೆ ಬಹುಮಟ್ಟಿಗೆ ‘ಇಲ್ಲ’ ಎಂದೇ ಉತ್ತರಿಸಿದೆ. 1815ರಲ್ಲಿ ಬ್ರಿಟನ್ನಿಗೂ ಅಮೆರಿಕೆಗೂ ಸಂಧಿಯಾದ ಸುದ್ದಿ ನ್ಯೂ ಆರ್ಲಿಯನ್ಸ್ ನಗರಕ್ಕೆ ಬಂದ ಬೆಳಿಗ್ಗೆ, ಅದನ್ನು ಮೊದಲು ತಿಳಿದ ವರ್ತಕನೊಬ್ಬನು ತಿಳಿಯದವರಿಂದ ಹೊಗೆಸೊಪ್ಪನ್ನು ಹಳೆಯ ದರಕ್ಕೆ ಕೊಂಡನು. ಸುದ್ದಿ ಹರಡಿದೊಡನೆ ದರವು ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ಏರಿತು. 1817ರಲ್ಲಿ ಆ ವ್ಯಾಜ್ಯವನ್ನು ವಿಚಾರಿಸಿದ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರು, ಕೊಳ್ಳುವವನು ತಾನು ಬಲ್ಲ ಸಂಗತಿಯನ್ನು ಮಾರುವವನಿಗೆ ತಿಳಿಸಲೇಬೇಕೆಂಬ ಕಟ್ಟುಪಾಡಿಲ್ಲವೆಂದೂ, ಆದರೆ ಮೋಸಗೊಳಿಸುವ ಮಾತನ್ನಾಗಲಿ ಕೃತ್ಯವನ್ನಾಗಲಿ ಎಸಗಬಾರದೆಂದೂ ಅಭಿಪ್ರಾಯಪಟ್ಟರು. ನಮ್ಮ ದೇಶದ 1872ರ ಕರಾರು ಕಾಯಿದೆಯ 17ನೆಯ ಪ್ರಕರಣವೂ ಬರಿಯ ಮೌನವನ್ನು ವಂಚನೆಯೆಂದು ಎಣಿಸುವುದಿಲ್ಲ. ಆದರೆ ಅದೇ ಪ್ರಕರಣದ ಉದಾಹರಣೆಯೊಂದು ಮನನಯೋಗ್ಯವಾಗಿದೆ. ದೋಷವುಳ್ಳ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಪರರಿಗೆ ಮಾರುವಾಗ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಸ್ವಂತ ಮಗಳಾಗಿದ್ದರೆ, ದೋಷವನ್ನು ತಿಳಿಸುವುದು ಅವನ ಕರ್ತವ್ಯವಾಗುತ್ತದೆ. ನಂಬಿ ಎದುರಿಗೆ ನಿಂತವರ ಮುಂದೆ ಮೌನವು ನಿರ್ದೋಷವಾಗಿ ಉಳಿಯದೆಂಬುದನ್ನು ಕಾನೂನು ಕೂಡ ಇಷ್ಟರಮಟ್ಟಿಗೆ ಒಪ್ಪಿದೆ.

ಧರ್ಮದ ದೃಷ್ಟಿ ಇದಕ್ಕಿಂತಲೂ ಸೂಕ್ಷ್ಮವಾದುದು. ಅಚೌರ್ಯಾಣುವ್ರತವನ್ನು ವಿವರಿಸುವಾಗ ನಮ್ಮ ಆಚಾರ್ಯರು ಕಳವನ್ನು ‘ಬೀಗ ಮುರಿಯುವುದು’ ಎಂದು ಹೇಳಲಿಲ್ಲ, ‘ಅದತ್ತಾದಾನ’ ಎಂದರು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು. ಅದರ ಬೇರು ಪ್ರಮಾದದಲ್ಲಿ, ಅಂದರೆ ಕಷಾಯದಿಂದ ಕಲುಷಿತವಾದ ಮನಸ್ಸಿನಲ್ಲಿದೆ. ಈ ಪರಿಭಾಷೆಯನ್ನು ಹಿಡಿದು ನೋಡಿದರೆ ಪ್ರಶ್ನೆಯು ತಾನಾಗಿಯೇ ತಿಳಿಯಾಗುತ್ತದೆ. ಅರಿಯದವನು ಕೊಟ್ಟದ್ದಾದರೂ ಏನನ್ನು? ಒಂದು ಹೊರೆ ಹಳೆಯ ಕಾಗದವನ್ನು. ಅರಿತವನು ಪಡೆದದ್ದು ಏನನ್ನು? ಒಂದು ಸಂಪತ್ತನ್ನು. ಕಾಗದವು ದತ್ತವಾಯಿತು, ಸಂಪತ್ತು ಅದತ್ತವಾಗಿಯೇ ಉಳಿಯಿತು. ಇದ್ದುದನ್ನು ಇದ್ದಂತೆ ತಿಳಿದು ಕೈಬಿಟ್ಟಾಗ ಮಾತ್ರ ಅದು ಕೊಟ್ಟದ್ದೆನಿಸುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಬೆಲೆಯ ತಿಳಿವಳಿಕೆ ಯಾರೂ ಬಚ್ಚಿಟ್ಟದ್ದಲ್ಲವೆಂಬುದು. ಅಮೆರಿಕೆಯಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಅವರು 1970ರಿಂದ ಚಿತ್ರಕಥಾ ಪುಸ್ತಕಗಳ ಬೆಲೆಪಟ್ಟಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸುತ್ತ ಬಂದರು, ಬೇಕಾದವರು ಓದಿಕೊಳ್ಳಬಹುದಾಗಿತ್ತು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಬೀದಿಯಲ್ಲಿ ನಡೆಯುವುದೂ ತೆರೆದ ಬಾಗಿಲನ್ನು ಪ್ರವೇಶಿಸುವುದೂ ಅದತ್ತಾದಾನವಲ್ಲ, ಅವು ಎಲ್ಲರಿಗೂ ತೆರೆದಿರುವಂಥವು ಎಂದು ಸಮಾಧಾನ ಹೇಳಿರುವುದನ್ನು ಇಲ್ಲಿಗೆ ಅನ್ವಯಿಸಬಹುದಲ್ಲವೆ ಎಂದು ಯಾರಾದರೂ ಕೇಳಿಯಾರು. ಆದರೆ ಬೀದಿಯು ಕಣ್ಣಿಗೆ ಕಾಣುತ್ತದೆ. ಹಾಗೊಂದು ಬೆಲೆಪಟ್ಟಿ ಇದೆಯೆಂದೇ ಅರಿಯದ ವೃದ್ಧೆಗೆ ಅದು ತೆರೆದ ಬಾಗಿಲಲ್ಲ, ಗೋಡೆ.

ಎರಡನೆಯ ಆಕ್ಷೇಪವು ಹೆಚ್ಚು ಬಲವಾದುದು. 1977ರಲ್ಲಿ ಕೊಲರಾಡೊ ರಾಜ್ಯದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರರ ಮನೆಯನ್ನು ತೆರವು ಮಾಡುವಾಗ ಹದಿನೆಂಟು ಸಾವಿರಕ್ಕೂ ಮಿಕ್ಕ ಪುಸ್ತಕಗಳು ದೊರೆತವು. ಅವುಗಳನ್ನು ಕೊಂಡ ಯುವ ವ್ಯಾಪಾರಿ ಕೊಟ್ಟದ್ದು, ಮುಂದೆ ಅವುಗಳಿಗೆ ಬಂದ ಬೆಲೆಯ ಅತ್ಯಲ್ಪ ಭಾಗ. ಆದರೆ ಆತನು ಹೋಗದೆ ಇದ್ದಿದ್ದರೆ ಅವೆಲ್ಲ ಕಸದ ಪಾಲಾಗುತ್ತಿದ್ದವೆಂದು ಆತನ ಕಥನವೇ ಹೇಳುತ್ತದೆ. ಇಂದು ಆ ಸಂಗ್ರಹವು ಅಚ್ಚಳಿಯದ ಪ್ರತಿಗಳಿಗಾಗಿ ಲೋಕಪ್ರಸಿದ್ಧವಾಗಿದೆ. ಬಲ್ಲವನ ಶ್ರಮಕ್ಕೆ, ಅವನು ಹೂಡುವ ಹಣಕ್ಕೆ, ಮಾರಾಟವಾಗದೆ ಉಳಿಯಬಹುದಾದ ಸರಕಿನ ಅಪಾಯಕ್ಕೆ ಪ್ರತಿಫಲ ಬೇಡವೆ?

ಖಂಡಿತ ಬೇಕು. ಹರಾಜು ಸಂಸ್ಥೆಯು ತನ್ನ ದಲ್ಲಾಳಿಯನ್ನು ಮೊದಲೇ ಹೇಳಿ ಪಡೆಯುತ್ತದೆ, ವ್ಯಾಪಾರಿಯು ‘ಇದರ ಮಾರುಕಟ್ಟೆ ಬೆಲೆ ಇಷ್ಟು, ನನ್ನ ಖರ್ಚು ಮತ್ತು ಲಾಭ ಕಳೆದು ಇಷ್ಟು ಕೊಡಬಲ್ಲೆ’ ಎಂದರೆ, ಅವನು ಅರ್ಧ ಬೆಲೆಯನ್ನೇ ಕೊಟ್ಟರೂ ಅದರಲ್ಲಿ ದೋಷವಿಲ್ಲ. ಆಗ ಮಾರುವವನು ತಿಳಿದು ಕೊಡುತ್ತಾನೆ. ತಿಳಿವಳಿಕೆಗೆ ಕೂಲಿ ನ್ಯಾಯವಾದುದು. ಇನ್ನೊಬ್ಬನ ಅಜ್ಞಾನದ ಮೇಲೆ ಕಂದಾಯ ಹಾಕುವುದು ನ್ಯಾಯವಲ್ಲ. ಎರಡಕ್ಕೂ ಇರುವ ಅಂತರ ಒಂದೇ ಒಂದು ಮಾತು. ಆ ಮಾತನ್ನು ಆಡಿದರೆ ವ್ಯಾಪಾರ, ನುಂಗಿದರೆ ಅಪಹರಣ. ಆದಕಾರಣ ಬೆಲೆ ಕಟ್ಟುವವನೂ ಕೊಳ್ಳುವವನೂ ಒಬ್ಬನೇ ಆಗಿರಬಾರದೆಂಬುದು ವಾರಸುದಾರರು ನೆನಪಿಡಬೇಕಾದ ಮೊದಲ ನಿಯಮ.

ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡಲು ಒಂದು ಕೊಳಗ, ಕೊಳ್ಳಲು ಇನ್ನೊಂದು ಕೊಳಗ ಇಟ್ಟುಕೊಳ್ಳುವುದು ಎಂದು ಅದರರ್ಥ. ಕೊಳಗ ಹೋಗಿ ಕಾಲವಾಯಿತು, ದೋಷವು ಹೋಗಲಿಲ್ಲ. ಚಿತ್ರಕಥಾ ಪುಸ್ತಕದ ಬೆಲೆಯನ್ನು ಅದರ ಸ್ಥಿತಿ ನಿರ್ಧರಿಸುತ್ತದೆ: ಮಡಿಕೆ, ಹರಕು, ಪಿನ್ನಿನ ತುಕ್ಕು, ಕಾಗದದ ಹಳದಿ, ಮಕ್ಕಳು ಕತ್ತರಿಸಿಕೊಂಡ ಕೂಪನ್ನು. 2000ದಲ್ಲಿ ಆರಂಭವಾದ ಸಿ.ಜಿ.ಸಿ. ಎಂಬ ಸಂಸ್ಥೆಯು ಪುಸ್ತಕವನ್ನು ಪರೀಕ್ಷಿಸಿ, ಅರ್ಧದಿಂದ ಹತ್ತರವರೆಗೆ ಅಂಕ ಕೊಟ್ಟು, ಪಾರದರ್ಶಕ ಕವಚದಲ್ಲಿ ಮುದ್ರೆಯೊತ್ತುತ್ತದೆ. ಕೊಳ್ಳುವಾಗ ‘ಇದು ನಾಲ್ಕು ಅಂಕದ್ದು’ ಎಂದು, ಮಾರುವಾಗ ಅದನ್ನೇ ‘ಏಳು ಅಂಕದ್ದು’ ಎಂದು ಹೇಳುವವನು ಎರಡು ಕೊಳಗಗಳನ್ನೇ ಇಟ್ಟುಕೊಂಡವನು. ಹಾಗೆಯೇ ಪ್ರತಿರೂಪಕ ವ್ಯವಹಾರವೆಂಬ ಅತಿಚಾರವು ಮಾರುವವನನ್ನೂ ಹಿಡಿಯುತ್ತದೆ. ಹರಿದ ಮುಖಪುಟಕ್ಕೆ ತೇಪೆ ಹಾಕಿ, ಮಾಸಿದ ಕಡೆ ಬಣ್ಣ ತುಂಬಿ, ಅಂಚನ್ನು ಕತ್ತರಿಸಿ, ಮೂಲದಂತೆ ಮಾರುವುದು ಹಾಲಿಗೆ ನೀರು ಬೆರೆಸಿದಂತೆಯೇ. ಅರಿವಿನ ಋಣವು ಕೊಳ್ಳುವವನಿಗೆ ಮಾತ್ರ ಅಂಟಿದ್ದಲ್ಲ. ಯಾರ ಬಳಿ ಅರಿವಿದೆಯೋ ಅವರಿಗೆ ಅದು ಅಂಟಿಕೊಳ್ಳುತ್ತದೆ.

ಸತ್ಯವನ್ನು ನುಡಿಯುವುದೆಂದರೆ ಯಾವಾಗಲೂ ಸಿಹಿ ಸುದ್ದಿಯನ್ನು ನುಡಿಯುವುದಲ್ಲ. 1991ರಲ್ಲಿ ಹೊಸದಾಗಿ ಹೊರಟ ‘ಎಕ್ಸ್-ಮೆನ್’ ಪತ್ರಿಕೆಯ ಮೊದಲ ಸಂಚಿಕೆ ಸುಮಾರು ಎಂಬತ್ತು ಲಕ್ಷ ಪ್ರತಿಗಳಲ್ಲಿ ಅಚ್ಚಾಯಿತು. ಮುಂದೆ ಬೆಲೆ ಬಂದೀತೆಂದು ಜನರು ಅದನ್ನು ಐದೈದು ಪ್ರತಿ ಕೊಂಡು, ಓದದೆ, ಚೀಲದಲ್ಲಿ ಮುಚ್ಚಿಟ್ಟರು. ಎಲ್ಲರೂ ಕಾಪಾಡಿದ್ದರಿಂದಲೇ ಅದಕ್ಕೆ ಬೆಲೆ ಬಾರದೆ ಹೋಯಿತು. ಅಂತಹ ಸಂಗ್ರಹವನ್ನು ಬಿಟ್ಟುಹೋದ ತಂದೆಯ ಮಕ್ಕಳಿಗೆ, ‘ಇದರಿಂದ ನಿಮಗೆ ಹೆಚ್ಚೇನೂ ದೊರೆಯದು’ ಎಂದು ಹೇಳುವುದೂ ಬಲ್ಲವನ ಧರ್ಮವೇ. ಲೋಭದಿಂದ ಕೂಡಿಟ್ಟದ್ದು ಕಾಗದವಾಗಿ ಉಳಿಯಿತು. ಪ್ರೀತಿಯಿಂದ ಓದಿ ಎತ್ತಿಟ್ಟದ್ದು ಸಂಪತ್ತಾಯಿತು. ಮೂರ್ಛೆಯೇ ಪರಿಗ್ರಹದ ಸ್ವರೂಪವೆಂದು ಬಲ್ಲ ಶ್ರಾವಕರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕಡಲಾಚೆಯ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿಯೂ 1964ರಿಂದ 1990ರವರೆಗೆ ಪ್ರಕಟವಾದ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆಯ ಹಳೆಯ ಸಂಚಿಕೆಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಅವುಗಳನ್ನು ಹುಡುಕಿ ಕೊಳ್ಳುವವರೂ ಇದ್ದಾರೆ. ಪಟ್ಟಣದಲ್ಲಿ ಓದಿದ ಮೈದುನನೊಬ್ಬನು ಊರಿಗೆ ಬಂದು, ‘ಅತ್ತಿಗೆ, ಈ ರದ್ದಿಯನ್ನೇಕೆ ಇಟ್ಟುಕೊಂಡಿದ್ದೀರಿ? ಗುಜರಿಯವನಿಗೆ ಹಾಕುವ ಬದಲು ನನಗೇ ಕೊಟ್ಟುಬಿಡಿ’ ಎನ್ನುವುದು ಕಷ್ಟವಲ್ಲ. ಅಣ್ಣನನ್ನು ಕಳೆದುಕೊಂಡ ಆ ಮನೆಯಲ್ಲಿ ಆಕೆ, ‘ತೆಗೆದುಕೊಂಡು ಹೋಗಪ್ಪ, ಮನೆ ಚೊಕ್ಕಟವಾಗುತ್ತದೆ’ ಎಂದು ಕಾಫಿಯನ್ನೂ ಕೊಟ್ಟು ಕಳುಹಿಸಿಯಾಳು. ಅವನ ಕೈಗೆ ಬಂದದ್ದು ಎರಡು ಸಾವಿರವೋ ಇಪ್ಪತ್ತು ಸಾವಿರವೋ ಇರಲಿ, ಆ ಮನೆಯ ಮಕ್ಕಳ ಶಾಲೆಯ ಶುಲ್ಕವು ಅದರಲ್ಲಿ ಅಡಗಿತ್ತು. ಬಸದಿಯ ಹಳೆಯ ಪಾತ್ರೆ, ದೀಪ, ಮರದ ಪೆಟ್ಟಿಗೆಗಳನ್ನು ‘ಹಳೆಯ ಸಾಮಾನು’ ಎಂದು ತೂಕಕ್ಕೆ ಹಾಕುವ ಟ್ರಸ್ಟಿನ ಸದಸ್ಯರೂ, ಅವುಗಳನ್ನು ಕೊಳ್ಳಲು ಮುಂದಾಗುವ ಬಲ್ಲವರೂ ಇದೇ ತಕ್ಕಡಿಯ ಮುಂದೆ ನಿಂತಿದ್ದಾರೆ. ಅಲ್ಲಿ ಅರಿಯದೆ ಕೊಡುವವರು ತಮ್ಮದನ್ನು ಕೊಡುತ್ತಿಲ್ಲ, ಸಮಾಜದ್ದನ್ನು ಕೊಡುತ್ತಿದ್ದಾರೆ. ಆದುದರಿಂದ ವಿಚಾರಿಸಿ ತಿಳಿಯದಿರುವುದೇ ಅವರ ಪ್ರಮಾದವಾಗುತ್ತದೆ.

ಕಾಯಿದೆಯು ಸ್ವಂತ ಮಗಳಿಗೆ ಮಾತ್ರ ಕೊಟ್ಟ ರಕ್ಷಣೆಯನ್ನು ಧರ್ಮವು ಅರಿಯದೆ ಎದುರಿಗೆ ನಿಂತ ಪ್ರತಿಯೊಬ್ಬರಿಗೂ ಕೊಡಬೇಕೆನ್ನುತ್ತದೆ. ಅದನ್ನು ಪಾಲಿಸಿದವನಿಗೆ ನಷ್ಟವಾಗುವುದು ನಿಜ. ನಷ್ಟವೇ ಆಗದಿದ್ದರೆ ಅದನ್ನು ವ್ರತವೆಂದು ಕರೆಯಬೇಕಾಗಿಯೂ ಇರಲಿಲ್ಲ. ವರ್ಜೀನಿಯಾದ ಆ ಪುಸ್ತಕಗಳ ಬೆಲೆಯನ್ನು ಹೊರಗೆಡವಿದ್ದು ಯಾವ ಪಂಡಿತನ ಪರೀಕ್ಷೆಯೂ ಅಲ್ಲ, ಜೊತೆಗಾರನೊಬ್ಬನು ನುಂಗದೆ ಆಡಿದ ಒಂದು ಮಾತು. ‘ಕೊಡುವ ಮೊದಲು ಇದರ ಬೆಲೆಯನ್ನು ಕೇಳಿಸಿ ನೋಡಿ, ಅತ್ತಿಗೆ’ ಎಂಬಷ್ಟು ಮಾತು ನಾಲಗೆಯಿಂದ ಹೊರಟರೆ, ಆ ಮೇಲೆ ಆಕೆ ಕೊಟ್ಟದ್ದೆಲ್ಲವೂ ಕೊಟ್ಟದ್ದೇ.